ಅವಳಿಗೆ ಹೇಳು

ಅಕ್ಟೋಬರಿನ ಎರಡನೆಯ ವಾರ, ನದಿಯ ಅಂಚಿಗೆ
ಹಾಲಿನ ಕೆನೆಯಷ್ಟೇ ತೆಳುವಾಗಿ ಮಂಜುಗಡ್ಡೆ ಕಟ್ಟುವ ಹೊತ್ತು,
ಗ್ರಾನ್ಸೆಲೆಯ ರೊಟ್ಟಿಮನೆಯಲ್ಲಿ ನಮ್ಮ ಸರದಿ.
ಊರಿಗೆಲ್ಲ ಒಂದೇ ಒಲೆ. ಎರಡು ದಿನ ನಮ್ಮದು,
ಮೂರನೆಯ ಬೆಳಿಗ್ಗೆ ಬೇರೆಯವರ ಸೌದೆ ಬಾಗಿಲಲ್ಲಿ.

ನನಗಾಗ ಒಂಬತ್ತು. ನನ್ನ ಕೆಲಸ
ಬರ್ಚ್ ಸೌದೆ ಹೊರುವುದು, ತೊಗಟೆ ಸುಲಿದು ಒಲೆಬಾಯಿಗೆ ಒಡ್ಡುವುದು,
ಮತ್ತೆ, ಯಾರೂ ಹೇಳದೆಯೂ ಎಲ್ಲರಿಗೂ ಗೊತ್ತಿದ್ದ ಇನ್ನೊಂದು:
ಯೋರ್ಡಿಸ್ ಅಜ್ಜಿಯ ಮಾತನ್ನು ಸಿಗ್‌ಬ್ರಿಟ್ ಅಜ್ಜಿಗೆ,
ಸಿಗ್‌ಬ್ರಿಟ್ ಅಜ್ಜಿಯ ಮಾತನ್ನು ಯೋರ್ಡಿಸ್ ಅಜ್ಜಿಗೆ
ಮುಟ್ಟಿಸುವುದು.
ನಡುವೆ ಇದ್ದದ್ದು ಒಂದು ಮೇಜು. ಮೂರು ಮೊಳ.

ವಾರಗಿತ್ತಿಯರು. ಹನ್ನೊಂದು ವರ್ಷದಿಂದ ಮಾತಿಲ್ಲ.
ಹುಲ್ಲುಗಾವಲಿನ ಗಡಿ ಎಂದರು ಕೆಲವರು,
ಸತ್ತ ಅತ್ತೆಯ ಗೀರುಲಟ್ಟಣಿಗೆ ಯಾರಿಗೆಂಬ ಜಗಳ ಎಂದರು ಕೆಲವರು,
ಅಪ್ಪ ಮಾತ್ರ, "ಕಾರಣ ಎಂದೋ ಇಂಗಿಹೋಯಿತು,
ಈಗ ಇರುವುದು ಬರೀ ತಳಹಿಡಿದ ಪಾತ್ರೆ" ಎಂದ.

ಆದರೆ ಇದು ಒಬ್ಬರ ಕೈಗೆ ಬಗ್ಗುವ ರೊಟ್ಟಿಯಲ್ಲ.
ಬಾರ್ಲಿಹಿಟ್ಟು, ಹಿಸುಕಿದ ಆಲೂಗಡ್ಡೆ, ಬೆಚ್ಚಗಿನ ಹಾಲು,
ಕುಟ್ಟಿದ ಸೋಂಪು; ನಾದಿ, ನಾದಿ,
ಕಿಟಕಿಗೆ ಹಿಡಿದರೆ ಆಚೆಯ ಗುಡ್ಡ ಕಾಣುವಷ್ಟು ತೆಳುವಾಗಿ
ಒಬ್ಬಳು ಲಟ್ಟಿಸಬೇಕು,
ಬಾತಿನ ಗರಿಯಿಂದ ಒಣಹಿಟ್ಟು ಕೊಡವಬೇಕು.
ಇನ್ನೊಬ್ಬಳು ಕೆಂಡದೆದುರು ನಿಂತು
ಉದ್ದನೆಯ ಮರದ ಪಟ್ಟಿಯಿಂದ ಎತ್ತಿ, ತಿರುಗಿಸಿ, ಮಗುಚಬೇಕು.
ಹತ್ತು ಎಣಿಸುವುದರೊಳಗೆ ತೆಗೆದರೆ ಹಸಿ,
ಹನ್ನೆರಡು ದಾಟಿದರೆ ಇದ್ದಿಲು.
ಪಟ್ಟಿ ಈ ಕೈಯಿಂದ ಆ ಕೈಗೆ ದಾಟುವಾಗ
ಬೆರಳಿಗೆ ಬೆರಳು ತಾಗದಂತೆ ಹಿಡಿಯಲು
ಇಬ್ಬರೂ ಕಲಿತಿದ್ದರು. ಅದೂ ಒಂದು ವಿದ್ಯೆಯೇ.

"ಟೂರೆ, ಅವಳಿಗೆ ಹೇಳು, ಒಲೆ ಎಡಕ್ಕೆ ಜಾಸ್ತಿ ಕಾದಿದೆ."
ಹೇಳಿದೆ.
"ಅವಳಿಗೆ ಹೇಳು, ನನಗೂ ಕಣ್ಣಿದೆ."
ಹೇಳಿದೆ.
"ಅವಳಿಗೆ ಹೇಳು, ಇದು ರೊಟ್ಟಿಯೋ ಸೋಂಪಿನ ಹೊಲವೋ."
ಇದನ್ನು ಸ್ವಲ್ಪ ಮೆತ್ತಗೆ ಮಾಡಿದೆ:
"ಸೋಂಪಿನ ಘಮ ಚೆನ್ನಾಗಿ ಬರ್ತಿದೆಯಂತೆ."
ಇಬ್ಬರೂ ಒಮ್ಮೆಲೇ ನನ್ನ ಕಡೆ ತಿರುಗಿದರು,
ಲಕೋಟೆ ಒಡೆದು ಓದುತ್ತಿದ್ದ ಅಂಚೆಯವನು
ಕೈಗೆ ಸಿಕ್ಕಿಬಿದ್ದಂತೆ.

ಮಧ್ಯಾಹ್ನ ಮೊದಲ ರೊಟ್ಟಿ ಹರಿಯಿತು. ಹರಿದದ್ದು ಹುಡುಗನಿಗೆ, ಅದು ಪದ್ಧತಿ.
ಬೆಣ್ಣೆ, ಅದರ ಮೇಲೆ ಹಾಲೊಡಕು ಬತ್ತಿಸಿದ ಕಂದು ಸಿಹಿ,
ನಾಲ್ಕು ಮಡಿಕೆ. ಮೊಣಕೈವರೆಗೆ ಸೋರಿತು.
ನೆಕ್ಕುತ್ತಲೇ ಸೌದೆಗೆ ಹೋದೆ.

ಮರಳುವಾಗ ಕಿಟಕಿಯ ಗಾಜಿನ ತುಂಬ ಹಬೆ.
ಒಳಗೆ ಎರಡು ತಲೆವಸ್ತ್ರ, ಒಂದು ಬೆಂಕಿ.
ತುಟಿಗಳು ಅಲ್ಲಾಡುತ್ತಿದ್ದವು.
ಎಣಿಸುತ್ತಿದ್ದರೋ ಏನೋ.
ಆದರೆ ಎಣಿಸುವವರು
ನಗುವುದನ್ನು ನಾನು ಕಂಡಿರಲಿಲ್ಲ,
ಅದೂ ಸಿಗ್‌ಬ್ರಿಟ್ ಅಜ್ಜಿ, ಹೊಟ್ಟೆ ಹಿಡಿದುಕೊಂಡು.

ಬಾಗಿಲು ದೂಡಿದೆ.
"ಅವಳಿಗೆ ಹೇಳು, ಸೌದೆ ಬಂತು."

ಅಂದಿನಿಂದ ಹೊಸ್ತಿಲ ಬಳಿ ಬೇಕೆಂದೇ ಕೆಮ್ಮುತ್ತಿದ್ದೆ,
ಬೂಟು ಮೂರು ಸಲ ಒದರುತ್ತಿದ್ದೆ.
ಎರಡು ದಿನಕ್ಕೆ ಬೇಕಿದ್ದಕ್ಕಿಂತ ದುಪ್ಪಟ್ಟು ಸೌದೆ ಹೊತ್ತೆ.
ಒಲೆ ಮಿತಿಮೀರಿ ಕಾದು ಕೊನೆಯ ಆರು ರೊಟ್ಟಿ ಕರಿಯಾದವು.
ಯಾರೂ ಯಾರನ್ನೂ ಬೈಯಲಿಲ್ಲ.

ಎರಡನೆಯ ಸಂಜೆ ನಾರುಬಟ್ಟೆ ಸರಿಸಿ ಲೆಕ್ಕ ಹಾಕಿದರು.
ಇನ್ನೂರ ಹದಿಮೂರು.
ನೂರ ಆರು ಈ ಬುಟ್ಟಿಗೆ, ನೂರ ಆರು ಆ ಬುಟ್ಟಿಗೆ.
ಮಿಕ್ಕ ಒಂದು ಮೇಜಿನ ನಡುವೆ ಬಿದ್ದಿತ್ತು,
ಚಂದ್ರನಷ್ಟು ಅಗಲ, ಅಲ್ಲಲ್ಲಿ ಕಂದು ಗುಳ್ಳೆ.
ಇಬ್ಬರೂ ಕೈ ಹಿಂದಕ್ಕೆ ಕಟ್ಟಿಕೊಂಡರು.
"ಅವಳಿಗೆ ಹೇಳು..." ಎಂದರು,
ಇಬ್ಬರೂ, ಒಂದೇ ಉಸಿರಿಗೆ.

ನಾನು ಯಾರಿಗೂ ಏನೂ ಹೇಳಲಿಲ್ಲ.
ಬಾಯಿ ತುಂಬಿತ್ತು.