ಹದಿನಾಲ್ಕು ಚೀಲ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಹಗಲಿಗೂ ಒಂದು ಬಲ್ಬು,
ಮಸಿ ಕುಡಿದು ಕುಡಿದು ಅದೂ ಗೋಡೆಯ ಬಣ್ಣ.
ಜಗಳೂರಿನ ಅಂಗಡಿಗೆ ಲೋಡು ಒಯ್ಯಲು
ಲಗೇಜ್ ಆಟೋ ಹಿಂದಕ್ಕೆ ತಂದು ಕೂಗಿದೆ:
'ಅಜ್ಜೀ, ಸ್ವಲ್ಪ ಸರಿ ಆಕಡೆ.'

ಜೈತುನಬಿ ಸರಿಯಲಿಲ್ಲ.
ಬಾಣಲೆಯಲ್ಲಿ ಮರಳು ಕಾದಿತ್ತು, ಅಕ್ಕಿ ಬಿದ್ದಿತ್ತು,
ಆ ಗಳಿಗೆಯಲ್ಲಿ ಸರಿಯುವವರು ಯಾರು?
ಒಂದು ಉಸಿರು. ಚಟಪಟ.
ಬೆಳ್ಳಗೆ ಉಬ್ಬಿ ಬಂದದ್ದನ್ನು ಜರಡಿಗೆ ಎತ್ತಿ,
ಮರಳನ್ನು ಮರಳಿ ಬಾಣಲೆಗೆ ಕಳಿಸಿ, ಆಮೇಲೆ ಕೇಳಿದಳು:
'ನಿಮ್ಮವ್ವ ನನಗೆ ಯಾವಾಗ ಹುಟ್ಟಿದ್ದು, ತಮ್ಮಾ?'

ಹಲ್ಲು ಕಿರಿದೆ. ಮರ್ಯಾದೆಗೆ ಅಂದದ್ದಲ್ಲವೇ ಅಜ್ಜಿ ಅಂತ?
ಅಲ್ಲ. ಹೆಸರು ಗೊತ್ತಿರಲಿಲ್ಲ.
ಮೂರು ವರ್ಷದಿಂದ ಗೊತ್ತಿರಲಿಲ್ಲ.

ಚೀಲ ಎಣಿಸಿದ್ದು ಅವಳೇ: 'ಹದಿಮೂರು.'
ಮಾಲೀಕರ ಮೊಮ್ಮಗ ತೌಸೀಫ್ ಮತ್ತೆ ಎಣಿಸಿದ. ಹದಿನಾಲ್ಕು.
ನನ್ನತ್ತ ಕಣ್ಣು ಹೊಡೆದು
'ಅರವತ್ತಕ್ಕೆ ಅರಳು ಮರಳು' ಅಂದ,
ಅವಳಿಗೆ ಕೇಳಿಸುವಷ್ಟೇ ಮೆಲ್ಲಗೆ.

'ಹೌದಪಾ, ತಪ್ಪಾತು.
ಹದಿನೆಂಟರಾಗೂ ಹಿಂಗೇ ಒಂದು ಚೀಲ ತಪ್ಪಿಸಿದ್ದೆ.
ಹುಡುಗಬುದ್ಧಿ ಅಂದ್ರು ನಿಮ್ಮ ತಾತ.
ನಡುವೆ ಒಂದಿಷ್ಟು ವರ್ಷ
ತಪ್ಪು ಬರೀ ತಪ್ಪಾಗಿತ್ತು.
ಚಲೋ ಇತ್ತು.'

ಬೆವರು ಒರೆಸಿಕೊಂಡು, ಸಟ್ಟುಗವನ್ನು ಬಾಣಲೆಯ ಅಂಚಿಗೆ ಬಡಿದು,
'ಇದು ಅರಳು, ಇದು ಮರಳು.
ನಲವತ್ತು ವರ್ಷ ಎರಡನ್ನೂ ಬೇರೆ ಮಾಡಿ ಉಂಡೀನಿ.
ನನಗೇ ಹೇಳಿಕೊಡ್ತೀಯ?'

ತೌಸೀಫ್ ಮೊಬೈಲಿಗೆ ಕಣ್ಣಿಳಿಸಿದ.
'ಈಗಿನ ಹುಡುಗ್ರು, ತಲೆನೇ ಎತ್ತಂಗಿಲ್ಲ'
ಅಂದವಳೇ ನಾಲಿಗೆ ಕಚ್ಚಿಕೊಂಡಳು.
ಮೊದಲು ನಕ್ಕದ್ದು ಅವಳು. ಆಮೇಲೆ ನಾನು.
ಅವನು ನಗಲಿಲ್ಲ;
ಅವಳ ವಾರದ ಕೂಲಿ
ಫೋನಿನಲ್ಲೇ ಕಳಿಸುತ್ತಿದ್ದ.

ಅಣಜಿ ದಾಟುವಾಗ ಹಸಿವು.
ಗಾಡಿ ನಿಲ್ಲಿಸಿ, ಚೀಲದ ಬಾಯಿ ಸಡಿಲಿಸಿ
ಒಂದು ಹಿಡಿ ಮುಕ್ಕಿದೆ.
ಹಗುರ, ಏನನ್ನೂ ತಿನ್ನದಷ್ಟು ಹಗುರ,
ಅಷ್ಟರಲ್ಲಿ ದವಡೆಯಲ್ಲಿ ಕರಕ್ ಎಂದಿತು
ಜರಡಿ ತಪ್ಪಿಸಿ ಬಂದ ಒಂದೇ ಒಂದು ಕಣ.

ವಯಸ್ಸಾಯ್ತು ನೋಡು ಅವಳಿಗೆ,
ಅಂತ ಬಾಯಿಗೆ ಬಂದೇಬಿಟ್ಟಿತು.
ಕೇಳುವವರು ಯಾರೂ ಇರಲಿಲ್ಲ, ಒಂದು ಬೇವಿನ ಮರ.
ಎರಡನ್ನೂ ಉಗುಳಿದೆ.
ಚೀಲ ಮತ್ತೊಮ್ಮೆ ಎಣಿಸಿದೆ.
ಹದಿಮೂರು ಬಂತು.
ಇನ್ನೊಮ್ಮೆ ಎಣಿಸಿದೆ.