ಬಾಯಿಯ ಆಕಾಶ

ನಮ್ಮ ಕಟ್ಟಡ ವಾಲಿದೆ.
ಸಾಂತೊಸ್‌ನ ಕಡಲ ದಂಡೆಗೆ ಬಂದವರು ನೋಡಿರುತ್ತೀರಿ,
ಮರಳಿನಡಿಯ ಮೆತ್ತನೆ ಜೇಡಿ ಕುಸಿದು
ಓರೆಯಾಗಿ ನಿಂತ ಮನೆಗಳ ಸಾಲು.
ಏಳನೇ ಮಹಡಿಯಲ್ಲಿ ನನ್ನ ದಾರದುಂಡೆ ಕೈಜಾರಿದರೆ
ತಾನೇ ಉರುಳಿ ಕಿಟಕಿಯ ಕೆಳಗೆ ನಿಲ್ಲುತ್ತದೆ.
ಅಲ್ಲಿಂದಲೇ ಹೆಕ್ಕಿಕೊಳ್ಳುತ್ತೇನೆ, ಅಷ್ಟೆ.

ವಾಲ್ದೆಸಿರನ ಗೊರಕೆಗೂ ಹಾಗೇ ಒಗ್ಗಿದ್ದೆ.
ಒಗ್ಗದೆ ಹೋದದ್ದು ಅದು ನಿಲ್ಲುವುದಕ್ಕೆ.
ಏರಿ, ಏರಿ, ತಟಕ್ಕನೆ ಕಡಿದ ನೂಲು.
ಶಾಲೆಯ ಅಂಗಿಗಳಿಗೆ ಕಾಜಾ ಹಾಕುವವಳು ನಾನು,
ಎಣಿಸದೆ ಇರಲು ಬರುವುದಿಲ್ಲ:
ಹನ್ನೊಂದು, ಹದಿನೇಳು, ಇಪ್ಪತ್ತಮೂರು.
ಮೊಣಕೈಯಲ್ಲಿ ತಿವಿದರೆ
ಮುಳುಗಿದವನು ನೀರಿಂದ ತಲೆ ಎತ್ತಿದಂತೆ
ಇಡೀ ಕೋಣೆಯನ್ನೇ ಬಾಯೊಳಗೆ ಎಳೆದುಕೊಳ್ಳುತ್ತಿದ್ದ.
ಕೆಳಮನೆಯ ಜುಲ್ಮೀರಾ ಪೊರಕೆಯ ಹಿಡಿಯಿಂದ
ತನ್ನ ಸೂರನ್ನು, ಅಂದರೆ ನಮ್ಮ ನೆಲವನ್ನು, ಕುಟ್ಟುತ್ತಿದ್ದಳು.

ಬಂದರಿನ ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ,
ನಲವತ್ತು ಮೀಟರ್ ಮೇಲೆ,
ಒಂದು ಮಧ್ಯಾಹ್ನ ಅವನು ತೂಕಡಿಸಿದ.
ಕಾಫಿ ತುಂಬಿದ ಕಂಟೇನರು
ಹಡಗಿನ ಮೇಲೆ ತೊಟ್ಟಿಲ ಹಾಗೆ ತೂಗುತ್ತಿತ್ತಂತೆ.
ಯಾರಿಗೂ ಏನೂ ಆಗಲಿಲ್ಲ.
ಇಳಿದು ಬಂದವನ ಅಂಗಿ ಮಾತ್ರ ಹಿಂಡುವಷ್ಟು ಒದ್ದೆ.

ಆಸ್ಪತ್ರೆಯಲ್ಲಿ ತಂತಿ ಅಂಟಿಸಿ ಮಲಗಿಸಿದರು.
ಉಸಿರು ಗಂಟೆಗೆ ಇಪ್ಪತ್ತಾರು ಸಲ ಕಟ್ಟುತ್ತದೆ, ಅಂದರು.
ಗಾಳಿ ಊದುವ ಯಂತ್ರದ ಸರದಿಗೆ ಹನ್ನೊಂದು ತಿಂಗಳು;
ಅಲ್ಲಿತನಕ ಇವಳ ಹತ್ತಿರ ಹೋಗಿ, ಎಂದು ಚೀಟಿ ಕೊಟ್ಟರು.

ಇವಳು ತಾಯ್ನಾ, ಇನ್ನೂ ಹುಡುಗಿ.
ಟಾರ್ಚು ಹಿಡಿದು ಅವನ ಬಾಯೊಳಗೆ ಇಣುಕಿ ಕೇಳಿದಳು:
"ಸುಮ್ಮನಿರುವಾಗ ನಿಮ್ಮ ನಾಲಗೆ ಎಲ್ಲಿರುತ್ತದೆ?"
ಐವತ್ತನಾಲ್ಕು ವರ್ಷ ಯಾರೂ ಕೇಳದ ಪ್ರಶ್ನೆ.
ಬೀಗದಕೈ ಎಲ್ಲಿಟ್ಟೆ ಎಂದು ಮರೆತವನಂತೆ
ನನ್ನ ಮುಖ ನೋಡಿದ.

ನಮ್ಮ ಮಾತಿನಲ್ಲಿ ಅಂಗುಳಕ್ಕೆ
ಬಾಯಿಯ ಆಕಾಶ ಎನ್ನುತ್ತೇವೆ.
"ಅಲ್ಲಿಗೆ ಎತ್ತಿ," ಅಂದಳು.
"ತುದಿ ಹಲ್ಲಿನ ಹಿಂದೆ, ಹಲ್ಲಿಗೆ ತಾಗದ ಹಾಗೆ.
ತುಟಿ ಮುಚ್ಚಿ. ಉಸಿರು ಮೂಗಿನ ಕೆಲಸ,
ಬಾಯಿಗೆ ಬೇರೆ ಕೆಲಸ ಇದೆ."
ನಾಲಗೆ ಬಿಗಿಹಿಡಿ ಎಂದು ಮದುವೆಯಾದಾಗಿನಿಂದ
ನಾನೂ ಹೇಳುತ್ತಲೇ ಇದ್ದೆ.
ಈಗ ಅದನ್ನೇ ಮೊಹರು ಹಾಕಿ ಬರೆದುಕೊಟ್ಟರು.

ಇಪ್ಪತ್ತು ಸಲ ಆಕಾಶ ಉಜ್ಜುತ್ತ ಹಿಂದಕ್ಕೆ.
ಇಪ್ಪತ್ತು ಸಲ ಅಂಟಿಸಿ, ಹೀರಿ, ಟಕ್ಕೆಂದು ಬಿಡುವುದು.
"ಆ" ಎನ್ನುವುದು, ಕಿರುನಾಲಗೆ ಏಳುವವರೆಗೆ,
ಕನ್ನಡಿಯೆದುರು, ಗಡ್ಡದ ನೊರೆಯೊಳಗಿಂದ.
ಮೊದಲ ವಾರ ನಾನು ನಕ್ಕು ಸುಸ್ತಾದೆ.
ಎರಡನೆಯ ವಾರ ಅವನು ಕಳ್ಳಬಿದ್ದ;
ಬಾಯಿ ನೋಡಿಯೇ ತಾಯ್ನಾ ಹಿಡಿದುಬಿಟ್ಟಳು.
ಎಲುಬಿಲ್ಲದ್ದಕ್ಕೆ ನಿಲ್ಲಲು ಕಲಿಸುವುದೆಂದರೇನು ಸುಮ್ಮನೆಯೇ?
ಆಚೆ ಬೀದಿಯಲ್ಲಿ ವಾಲಿದ ಕಟ್ಟಡವೊಂದನ್ನು
ಜ್ಯಾಕ್ ಕೊಟ್ಟು ಕೂದಲೆಳೆ ಕೂದಲೆಳೆಯಾಗಿ ಎತ್ತಿ
ನೆಟ್ಟಗೆ ಮಾಡಿದ್ದರು. ಹಾಗೆ.

ಮೂರನೆಯ ತಿಂಗಳು. ರಾತ್ರಿ ಎರಡೂವರೆ.
ಬಾಗಿಲು ಬಡಿದ ಸದ್ದು.
ನೈಟಿಯ ಮೇಲೆ ಶಾಲು ಹೊದ್ದ ಜುಲ್ಮೀರಾ,
ಕೈಯಲ್ಲಿ ಪೊರಕೆ ಇರಲಿಲ್ಲ:
"ಸದ್ದೇ ಇಲ್ಲವಲ್ಲ ಇವೊನೆಚಿ... ಇದ್ದಾನಾ?"
ಇಬ್ಬರೂ ಹೋಗಿ ಅವನ ಮೂಗಿನಡಿ ಬೆರಳಿಟ್ಟೆವು,
ಒಬ್ಬರಾದ ಮೇಲೆ ಒಬ್ಬರು.
ಬೆಚ್ಚಗೆ ಬಂತು. ಹೋಯಿತು. ಬಂತು.

ಮತ್ತೆ ತಂತಿ ಅಂಟಿಸಿದಾಗ ಹನ್ನೆರಡು.
ಸೊನ್ನೆಯಲ್ಲ; ತಾಯ್ನಾ ಸೊನ್ನೆಯ ಮಾತೇ ಆಡಿರಲಿಲ್ಲ.
ಯಂತ್ರದ ಸರದಿ ಹಾಗೇ ಇರಲಿ ಅಂದಳು.
ಕ್ರೇನಿನ ಮೇಲೆ ಈಗಲೂ ಅವನು ತುಟಿ ಮುಚ್ಚಿ
ನಾಲಗೆಯನ್ನು ಆಕಾಶಕ್ಕೊತ್ತಿ ಕೂರುತ್ತಾನಂತೆ,
ಹೊರಗೂ ಅದೇ ಇರುವಾಗ.

ನಿನ್ನೆ ಕಾಫಿ ಸೋಸುತ್ತ ಅಂದ:
"ನೀನೂ ಗೊರಕೆ ಹೊಡೆಯುತ್ತೀ, ಗೊತ್ತಾ?
ಇಷ್ಟು ವರ್ಷ ನನಗೆ ಕೇಳಿಸಿರಲಿಲ್ಲ."
ನಾನು ಒಪ್ಪಲಿಲ್ಲ.
"ಸಣ್ಣದು," ಅಂದ. "ಹೊಲಿಗೆ ಯಂತ್ರದಂಥದು.
ನಡುವೆ ಎಲ್ಲೂ ನಿಲ್ಲಲಿಲ್ಲ. ಎಣಿಸಿದೆ."