ಹದಿನೇಳನೇ ಲಾಟು

ಹಿಂದಕ್ಕೆ ಹಿಂದಕ್ಕೆ ಸರಿಯುತ್ತ
ಕಪನೂರಿನ ಗೇಟು ಹೊಕ್ಕಿತು ಕಂಟೇನರ್.
ತೆಂಗಿನಕಾಯಿ ಒಡೆದು ಕಳಿಸಿದ್ದೇ ಇದನ್ನ.
ಕಡಲುಪ್ಪು ತಿಂದ ಬಾಗಿಲು ಕಿರ್ರೆಂದಿತು;
ಒಳಗೆ ಇನ್ನೂ ನಮ್ಮ ಮಿಲ್ಲಿನದೇ ವಾಸನೆ.

ನಾನೂರ ಎಂಬತ್ತು ಚೀಲ, ಕೆಂಪು ಠಸ್ಸೆ.
ಹಮಾಲ ಲಾಲಸಾಬ ಬೆರಳಾಡಿಸಿ ಕೇಳಿದ:
"ಏನಂತ ಬರದಾರ್ರೀ ಮುನೀಮರ?"
"ಒಲ್ಲೆ ಅಂದಾರ."
"ಯಾಕ, ಬ್ಯಾಳಿ ಕುದಿಲಿಲ್ಲೇನು ಅವರಲ್ಲಿ?"

ಕುದಿಸುವ ಮಾತೇ ಇಲ್ಲ ಮಾರಾಯ.
ಹಿಡಿಯಷ್ಟು ಪುಡಿ ಮಾಡಿ ಯಂತ್ರಕ್ಕೆ ಉಣಿಸಿದರು,
ಸೊನ್ನೆ ಚುಕ್ಕೆ ಸೊನ್ನೆ ಮೂರು ಎಂದಿತು ಅದು.
ತೊಗರಿ ಹೂವಾಡುವಾಗ ಹೊಡೆದ ಎಣ್ಣೆ
ಸಿಪ್ಪೆ ಬಿಟ್ಟು, ಎರಡು ಹೋಳಾಗಿ,
ಕಡಲು ದಾಟಿದರೂ ಬಿಟ್ಟಿರಲಿಲ್ಲ.

ಸೇಠರು ಫೋನಿನಲ್ಲಿ: "ಬ್ಯಾರೆ ಇಡ್ರಿ, ಕೀಲಿ ಹಾಕ್ರಿ,
ಸಾಹೇಬರು ಬರೋತನಕ ಒಂದು ಕಾಳೂ ಅಲುಗಬಾರದು."
ಸುತ್ತ ಸುಣ್ಣದ ಗೆರೆ ಎಳೆಸಿದೆ.
ಬರೆದಿಡಲು ರಿಜಿಸ್ಟರ್ ತೆಗೆದರೆ
ಹಳೇ ಪುಟದಲ್ಲಿ ಅದೇ ಲಾಟಿನ ಇನ್ನರ್ಧ:
ಶಹಾಬಾದ, ಚಿತ್ತಾಪುರ, ಸುಪರ್ ಮಾರ್ಕೆಟ್ಟಿನ ಮೂರಂಗಡಿ,
ಕೊನೆಗೆ ಐದು ಕಿಲೋ, ನನ್ನದೇ ಸಹಿ.
ಒಂದು ಚೀಲವೂ ಮರಳಿರಲಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚಿದೆ.
ಬ್ಯಾಳಿ ಇನ್ನೂ ಬೆಚ್ಚಗಿತ್ತು.
ಲಾಲಸಾಬ ಎಂದಿನಂತೆ ರೊಟ್ಟಿ ಮುರಿದು
ಕೈ ಚಾಚಿದ.